ಮೂವರಿಗೆ ಒಂದು, ನಾಲ್ವರಿಗೆ ಇನ್ನೊಂದು: ಗೆಳೆಯರ ಸಂಜೆಗೆ ಇಸ್ಪೀಟಿನ ಆಟ ಆರಿಸಿಕೊಳ್ಳುವ ಬಗೆ

ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ಸಂಜೆಯ ತಿರುಗಾಟ ನಿಂತುಹೋಗುತ್ತದೆ. ಆ ದಿನಗಳಲ್ಲಿ ನಮ್ಮ ಗೆಳೆಯರ ಗುಂಪು ಶನಿವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಜಮಖಾನೆ ಹಾಸಿಕೊಂಡು ಇಸ್ಪೀಟಿಗೆ ಕೂಡುತ್ತದೆ. ಕೆಲವು ವಾರ ಮೂವರು, ಹೆಚ್ಚಿನ ವಾರ ನಾಲ್ವರು, ಪಂಚಮಿಗೋ ದೀಪಾವಳಿಗೋ ವಿಜಯಪುರ, ಬಾಗಲಕೋಟೆಗಳಿಂದ ನೆಂಟರು ಬಂದಾಗ ಐದಾರು ಮಂದಿ. ಎಲೆಯ ಕಟ್ಟು ಅದೇ ಆದರೂ ಈ ಎಲ್ಲ ಸಂಜೆಗಳಿಗೆ ಒಂದೇ ಆಟ ಒಗ್ಗುವುದಿಲ್ಲವೆಂಬುದು ನಮಗೆ ತಿಳಿಯಲು ಬಹಳ ದಿನ ಹಿಡಿಯಿತು. ಯಾವ ಆಟಕ್ಕೆ ಹೆಚ್ಚು ಬುದ್ಧಿ ಬೇಕು ಎಂದು ಕೇಳಿ ಆಟವನ್ನು ಆರಿಸುವುದು ಸಾಮಾನ್ಯ ರೂಢಿ. ಸಣ್ಣ ಗುಂಪಿನಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಆಟ ನಡೆಯುತ್ತಿರುವಾಗ ಕೆಲಸವಿಲ್ಲದೆ ಸುಮ್ಮನೆ ಕೂರಬೇಕಾದವರು ಯಾರು, ಮತ್ತು ಇವತ್ತೇ ಆಟ ಕಲಿತವರು ಎಷ್ಟು ಹೊತ್ತಿನಲ್ಲಿ ಉಳಿದವರ ಸಮಕ್ಕೆ ಬರಬಲ್ಲರು.

ಹೋಲಿಕೆಗೆ ತೊಡಗುವ ಮೊದಲು ಮಾತಿನ ಗೊಂದಲವೊಂದನ್ನು ಬಗೆಹರಿಸಿಕೊಳ್ಳಬೇಕು. ಮರಾಠಿಯ ನೆರೆಯಿಂದಾಗಿ ನಮ್ಮ ಕಡೆ ಎಲೆಗಳ ನಾಲ್ಕು ಜಾತಿಗಳನ್ನು ಇಸ್ಪೀಕ, ಬದಾಮ, ಚೌಕಟ, ಕಿಲಾವರ ಎನ್ನುವವರು ಬಹಳ. ಬೆಂಗಳೂರು, ಮೈಸೂರುಗಳಲ್ಲಿ ಬೆಳೆದವರು ಇಸ್ಪೀಟು, ಹಾರ್ಟು, ಡೈಮಂಡು, ಕಳಾವರ್ ಎನ್ನುತ್ತಾರೆ. ನಾವು ಹುಕುಮು ಎನ್ನುವುದನ್ನು, ಅಂದರೆ ಉಳಿದ ಮೂರು ಜಾತಿಗಳನ್ನೂ ಮೀರಿಸುವ ಜಾತಿಯನ್ನು, ಅವರು ತುರುಪು ಎನ್ನುತ್ತಾರೆ. ನಾಲ್ವರೂ ಒಂದೊಂದು ಎಲೆ ಇಳಿಸಿದ ಮೇಲೆ ದೊಡ್ಡ ಎಲೆಯವರು ಎತ್ತಿಕೊಳ್ಳುವ ಗುಂಪನ್ನು ಈ ಬರಹದಲ್ಲಿ ‘ಕೈ’ ಎಂದು ಕರೆದಿದ್ದೇನೆ. ಎಲೆ ಹಂಚುವುದು ಎಡಕ್ಕೋ ಬಲಕ್ಕೋ ಎಂಬುದನ್ನೂ ಮೊದಲೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು: ನಮ್ಮ ಹಳೆಯ ಆಟಗಳು ಬಹುಮಟ್ಟಿಗೆ ಬಲಕ್ಕೆ ಸಾಗುತ್ತವೆ, ಬ್ರಿಜ್ ಎಡಕ್ಕೆ ಸಾಗುತ್ತದೆ.

ಮೂವರಿದ್ದಾಗ

ಮೂವರು ಕೂಡಿದಾಗ ಜೋಡಿಯ ಆಟಗಳೆಲ್ಲ ತಾವಾಗಿಯೇ ಬಿದ್ದುಹೋಗುತ್ತವೆ. ನಾಲ್ಕನೆಯವರು ಬರಲೆಂದು ಕಾಯುತ್ತ ಸಂಜೆ ಕಳೆಯುವ ಬದಲು ಐದು–ಮೂರು–ಎರಡು ಆಟಕ್ಕೆ ಕೂರುವುದು ಲೇಸು. ಪಾಂಚ್ ತೀನ್ ದೋ ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಇದಕ್ಕೆ ಬೇಕಾದದ್ದು 30 ಎಲೆ: ಎಕ್ಕ, ರಾಜರಿಂದ ಕೆಳಕ್ಕೆ ಎಂಟರವರೆಗೆ ನಾಲ್ಕೂ ಜಾತಿಯ 28 ಎಲೆಗಳು, ಜೊತೆಗೆ ಇಸ್ಪೀಕ ಮತ್ತು ಬದಾಮಿನ ಏಳು. ಮೊದಲು ಐದೈದು ಎಲೆ ಹಂಚಿದೊಡನೆ ಸರದಿಯವರು ಹುಕುಮನ್ನು ಹೇಳುತ್ತಾರೆ. ಅವರು ಐದು ಕೈ ಮಾಡಬೇಕು, ಎಲೆ ಹಂಚಿದವರು ಎರಡು, ಉಳಿದವರು ಮೂರು. ಈ ಆಟದ ಜೀವವಿರುವುದು ಸಾಲದ ಲೆಕ್ಕದಲ್ಲಿ. ತನ್ನ ಪಾಲಿಗಿಂತ ಒಂದು ಕೈ ಹೆಚ್ಚು ಮಾಡಿದವರು, ಮುಂದಿನ ಹಂಚಿಕೆಯಲ್ಲಿ ಕಡಿಮೆ ಮಾಡಿದವರಿಂದ ಒಂದು ಎಲೆಯನ್ನು ನೋಡದೆ ಎಳೆದುಕೊಂಡು, ತನಗೆ ಬೇಡವಾದ ಎಲೆಯನ್ನು ಅದರ ಬದಲಿಗೆ ಕೊಡುತ್ತಾರೆ. ಎಳೆದ ಎಲೆ ಹುಕುಮಿನ ಎಕ್ಕವಾಗಿರುವ ಸಂದರ್ಭದಲ್ಲಿ ಇಬ್ಬರ ಮುಖವನ್ನೂ ನೋಡಬೇಕು.

ಮೂವರಿಗೆ ರಮ್ಮಿಯೂ ಆಗುತ್ತದೆ. ಆದರೆ ರಮ್ಮಿಯಲ್ಲಿ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವ ಎಲೆಗಳೊಳಗೇ ಮುಳುಗಿರುತ್ತಾರೆ. ಐದು–ಮೂರು–ಎರಡರಲ್ಲಿ ಇಬ್ಬರು ತಮಗರಿವಿಲ್ಲದೆಯೇ ಒಂದಾಗಿ ಮೂರನೆಯವರನ್ನು ಕಟ್ಟಿಹಾಕುತ್ತಾರೆ, ಮರುಕ್ಷಣವೇ ಆ ಒಪ್ಪಂದ ಮುರಿಯುತ್ತದೆ. ಮಾತು, ನಗು ಬೇಕೆನ್ನುವ ಸಂಜೆಗೆ ನಾನು ಐದು–ಮೂರು–ಎರಡನ್ನೇ ಆರಿಸುತ್ತೇನೆ.

ನಾಲ್ವರಿದ್ದಾಗ

ನಿಜವಾದ ಆಯ್ಕೆಯ ಪ್ರಶ್ನೆ ಏಳುವುದು ನಾಲ್ವರು ಕೂಡಿದಾಗಲೇ. ಎದುರುಬದುರು ಕುಳಿತವರು ಜೋಡಿಯಾಗುವ ಆಟಗಳಲ್ಲಿ ನಮ್ಮ ಕಡೆ ಹೆಚ್ಚು ಕೇಳಿಬರುವುದು ಮೆಂಢಿಕೋಟ. ಕೇರಳದ ಕಡೆ ಬಹಳವಾಗಿ ಆಡುವ, ನಮ್ಮಲ್ಲಿಯೂ ಅಲ್ಲಲ್ಲಿ ಬೇರೂರಿರುವ ಇಪ್ಪತ್ತೆಂಟು ಅದಕ್ಕೆ ಸರಿಸಾಟಿಯಾದ ಇನ್ನೊಂದು ಆಟ. ಇವೆರಡರ ನಡುವಿನ ಹೋಲಿಕೆಗೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಗುಂಪು ಒಡೆಯುವ ಮಟ್ಟಕ್ಕೆ ಹೋದದ್ದು ಈ ಒಂದೇ ವಿಷಯಕ್ಕೆ.

ಮೆಂಢಿಕೋಟದಲ್ಲಿ ಇಡೀ ಕಟ್ಟಿನ 52 ಎಲೆಗಳನ್ನು ತಲಾ 13ರಂತೆ ಹಂಚುತ್ತಾರೆ. ಎಲೆಗಳ ಹಿರಿತನ ಎಲ್ಲರಿಗೂ ಗೊತ್ತಿರುವಂಥದೇ: ಎಕ್ಕ, ರಾಜ, ರಾಣಿ, ಗುಲಾಮ, ಹತ್ತು, ಹೀಗೆ ಎರಡರವರೆಗೆ. ಮೆಂಢಿ ಎಂದರೆ ಹತ್ತರ ಎಲೆ. ನಾಲ್ಕು ಹತ್ತುಗಳಲ್ಲಿ ಮೂರನ್ನಾದರೂ ತನ್ನ ಕೈಗಳಲ್ಲಿ ಸೇರಿಸಿಕೊಂಡ ಜೋಡಿ ಗೆಲ್ಲುತ್ತದೆ. ಎರಡೆರಡು ಹಂಚಿಹೋದರೆ 13 ಕೈಗಳಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಮಾಡಿದವರದು ಗೆಲುವು. ನಾಲ್ಕೂ ಹತ್ತು ಒಂದೇ ಕಡೆ ಬಂದರೆ ಅದು ಮೆಂಢಿಕೋಟ, ಸೋತ ಜೋಡಿಗೆ ಮುಂದಿನ ವಾರದವರೆಗೂ ಕೇಳಿಸುವ ಸೋಲು. ಹುಕುಮನ್ನು ನಿಶ್ಚಯಿಸುವ ಬಗೆ ಎರಡು. ಒಬ್ಬರು ಒಂದು ಎಲೆಯನ್ನು ಬೋರಲಾಗಿ ಇಟ್ಟು, ಬೇಕಾದಾಗ ತೆರೆಯುವುದು ಬಂದ್ ಹುಕುಮು. ಇನ್ನೊಂದರಲ್ಲಿ ಮೊದಲಿಗೆ ಹುಕುಮೇ ಇರುವುದಿಲ್ಲ. ಇಳಿದ ಜಾತಿಯ ಎಲೆ ಯಾರ ಹತ್ತಿರ ಮೊದಲು ಮುಗಿಯುತ್ತದೆಯೋ ಅವರು ಹಾಕುವ ಬೇರೆ ಜಾತಿಯೇ ಅಲ್ಲಿಂದ ಮುಂದೆ ಹುಕುಮಾಗುತ್ತದೆ. ಹೊಸಬರಿರುವ ಗುಂಪಿಗೆ ಎರಡನೆಯ ಬಗೆಯೇ ಸುಲಭ, ಏಕೆಂದರೆ ಆಟ ಶುರುವಾಗುವ ಮುನ್ನ ಯಾರೂ ಯಾವ ನಿರ್ಧಾರವನ್ನೂ ಮಾಡಬೇಕಿಲ್ಲ.

ಇಪ್ಪತ್ತೆಂಟಿನ ರಚನೆ ಬೇರೆ. ಏಳಕ್ಕಿಂತ ಕೆಳಗಿನ ಎಲೆಗಳನ್ನೆಲ್ಲ ತೆಗೆದಿಟ್ಟು 32 ಎಲೆಗಳಲ್ಲಿ ಆಡುತ್ತಾರೆ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ರಾಜ, ರಾಣಿ, ಎಂಟು, ಏಳು ಎಲೆಗಳಿಗೆ ಏನೂ ಇಲ್ಲ. ಒಂದು ಜಾತಿಗೆ ಏಳು ಅಂಕದಂತೆ ನಾಲ್ಕು ಜಾತಿಗೆ 28, ಆಟದ ಹೆಸರೂ ಅದೇ. ಮೊದಲು ನಾಲ್ಕು ಎಲೆ ಮಾತ್ರ ಹಂಚಿ, ತಮ್ಮ ಜೋಡಿ ಎಷ್ಟು ಅಂಕ ಮಾಡುವುದೆಂದು ಕೂಗುವ ಹರಾಜು ನಡೆಸುತ್ತಾರೆ. ಕನಿಷ್ಠ ಕೂಗು 14, ಅಂದರೆ ಒಟ್ಟು ಅಂಕದ ಅರ್ಧ. ಹೆಚ್ಚು ಕೂಗಿದವರು ಹುಕುಮಿನ ಎಲೆಯನ್ನು ಮುಚ್ಚಿಟ್ಟ ಬಳಿಕ ಉಳಿದ ನಾಲ್ಕು ಎಲೆ ಕೈಗೆ ಬರುತ್ತವೆ. ನೀವು 18 ಕೂಗಿದರೆ ಎದುರಾಳಿಗಳು 11 ಅಂಕ ಮಾಡಿದ ಕೂಡಲೇ ನೀವು ಸೋತಿರಿ. ಅರ್ಧ ಎಲೆಯನ್ನು ನೋಡಿ ಪೂರ್ತಿ ಆಟಕ್ಕೆ ಮಾತು ಕೊಡುವ ಈ ಗಳಿಗೆಯ ಮುಂದೆ ಮೆಂಢಿಕೋಟದ ಯಾವ ಗಳಿಗೆಯೂ ನಿಲ್ಲಲಾರದೆಂಬುದನ್ನು ನಾನು ಒಪ್ಪುತ್ತೇನೆ.

ಆದರೆ ಇಪ್ಪತ್ತೆಂಟಿನಲ್ಲಿ ಹಿರಿತನವೂ ಅಂಕದ ಹಿಂದೆಯೇ ಹೋಗುತ್ತದೆ: ಗುಲಾಮ ಎಲ್ಲರಿಗಿಂತ ದೊಡ್ಡವನು, ನಂತರ ಒಂಬತ್ತು, ಎಕ್ಕ, ಹತ್ತು, ಆಮೇಲಷ್ಟೇ ರಾಜ, ರಾಣಿ. ಹುಟ್ಟಿದಾಗಿನಿಂದ ರಾಜನನ್ನು ದೊಡ್ಡವನೆಂದು ನಂಬಿರುವ ಕೈಗೆ ಇದು ಒಗ್ಗಲು ಹಲವು ಸಂಜೆಗಳು ಬೇಕು. ಒಮ್ಮೆ ಬಾಗಲಕೋಟೆಯಿಂದ ಬಂದ ಗೆಳೆಯರೊಬ್ಬರು ನನ್ನ ಜೋಡಿಯಾಗಿದ್ದರು. ನಾನು 17 ಕೂಗಿದ್ದೆ. ಅವರು ಒಂಬತ್ತನ್ನು ಸಣ್ಣ ಎಲೆಯೆಂದು ತಿಳಿದು ಎದುರಾಳಿಯ ಗುಲಾಮನ ಕೆಳಗೆ ಇಳಿಸಿದರು; ಅವರ ಕೈಯಲ್ಲಿ ಅದೇ ಜಾತಿಯ ಏಳು ಇತ್ತು. ಲೆಕ್ಕ ಮಾಡಿದಾಗ ನಮ್ಮಲ್ಲಿದ್ದದ್ದು 15. ತಪ್ಪು ಎರಡೇ ಅಂಕದ್ದು, ಆದರೆ ಅದು ಕಣ್ಣಿಗೆ ಕಾಣುವಂತೆ ಬೆರಳು ಮಾಡಿ ತೋರಿಸಬಹುದಾದ ತಪ್ಪು. ಅವರು ಮುಂದಿನ ಎರಡು ಶನಿವಾರ ಬರಲಿಲ್ಲ. ಕಾರಣ ಮಳೆ ಎಂದರು.

ಮೆಂಢಿಕೋಟದಲ್ಲಿ ತಪ್ಪುಗಳು ಇದಕ್ಕಿಂತ ಕಡಿಮೆಯೇನಲ್ಲ, ಆದರೆ ಅವು 13 ಕೈಗಳ ಉದ್ದಕ್ಕೂ ಚದುರಿಹೋಗುತ್ತವೆ. ಹೊಸಬರು ನೆನಪಿಡಬೇಕಾದದ್ದು ಇಷ್ಟೇ: ನಾಲ್ಕು ಹತ್ತುಗಳಲ್ಲಿ ಯಾವುವು ಹೋದವು, ಎಕ್ಕಗಳಲ್ಲಿ ಯಾವುವು ಇನ್ನೂ ಹೊರಬಿದ್ದಿಲ್ಲ. ಜೋಡಿಯವರು ಎಕ್ಕ ಇಳಿಸಿದಾಗ ನಿಮ್ಮ ಹತ್ತನ್ನು ಅದರ ಮೇಲೆ ಹಾಕಿ ದಡ ಸೇರಿಸಿ ಎಂಬ ಒಂದೇ ಮಾತನ್ನು ಹೇಳಿಕೊಟ್ಟರೂ ಮೊದಲ ದಿನದ ಆಟ ನಡೆಯುತ್ತದೆ. ಅಲ್ಲಿಂದ ಮುಂದೆ, ಒಂಟಿಯಾಗಿ ಸಿಕ್ಕಿಬಿದ್ದ ಹತ್ತನ್ನು ಉಳಿಸಿಕೊಳ್ಳಲು ಬೇರೆ ಜಾತಿಯನ್ನು ಬೇಗ ಖಾಲಿ ಮಾಡಿ ಹುಕುಮಿನಿಂದ ಕಡಿಯುವ ಜಾಣತನವೆಲ್ಲ ನಿಧಾನವಾಗಿ ಬರುತ್ತದೆ. ಆದ್ದರಿಂದ ನಾಲ್ವರಲ್ಲಿ ಒಬ್ಬರಾದರೂ ಹೊಸಬರಿದ್ದರೆ ಮೆಂಢಿಕೋಟ, ನಾಲ್ವರೂ ಒಂದೇ ಗುಂಪಾಗಿ ಮಳೆಗಾಲವಿಡೀ ಆಡುವವರಿದ್ದರೆ ಇಪ್ಪತ್ತೆಂಟು ಎಂಬುದು ನನ್ನ ನಿಲುವು. ಎರಡರಲ್ಲಿಯೂ ಗಂಡ ಹೆಂಡತಿಯನ್ನು ಜೋಡಿಯಾಗಿಸದೆ ಎದುರಾಳಿಗಳಾಗಿ ಕೂರಿಸುವುದು ಕ್ಷೇಮ. ಕೆಮ್ಮು, ಹುಬ್ಬು, ಗಲ್ಲ ಕೆರೆದುಕೊಳ್ಳುವ ಸನ್ನೆಗಳಿಗೆ ಎರಡು ಆಟದಲ್ಲಿಯೂ ಜಾಗವಿಲ್ಲವೆಂದು ಮೊದಲೇ ಹೇಳಿಬಿಡಬೇಕು.

ಇಪ್ಪತ್ತೆಂಟರ ರುಚಿ ಹತ್ತಿದವರು ಅದರ ಅಣ್ಣನಂತಿರುವ ಮುನ್ನೂರನಾಲ್ಕನ್ನು ನೋಡಬಹುದು. ತಮಿಳುನಾಡು, ಶ್ರೀಲಂಕಾಗಳಲ್ಲಿ ಆಡುವ ಈ ಆಟದಲ್ಲಿ ಎಲೆಗಳೂ ಹಿರಿತನವೂ ಅವೇ, ಅಂಕಗಳು ಮಾತ್ರ 30, 20, 11, 10, 3, 2. ಬಾಯಿಲೆಕ್ಕ ಚುರುಕಾಗಿರುವವರಿಗೆ ಮಾತ್ರ ಇದು ಸುಖ. ಬ್ರಿಜ್ ಬಗ್ಗೆ ಎರಡು ಮಾತು ಸಾಕು. ಇಂದಿನ ರೂಪದ ಕಾಂಟ್ರಾಕ್ಟ್ ಬ್ರಿಜ್‌ನ ಲೆಕ್ಕವನ್ನು ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ರೂಪಿಸಿದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಜೋಡಿ ಭಾರತಕ್ಕೆ ಚಿನ್ನ ತಂದಿತು. ಇಷ್ಟು ಘನತೆಯ ಆಟವಾದರೂ ಅದರ ಹರಾಜಿನ ಭಾಷೆಯನ್ನು ಕಲಿಯಲು ತಿಂಗಳುಗಳು ಬೇಕು, ಮತ್ತು ಪ್ರತಿ ಆಟದಲ್ಲಿಯೂ ನಾಲ್ವರಲ್ಲಿ ಒಬ್ಬರು ಎಲೆಗಳನ್ನು ನೆಲಕ್ಕೆ ಬಿಚ್ಚಿಟ್ಟು ನೋಡುತ್ತ ಕೂರಬೇಕು. ಸಣ್ಣ ಗುಂಪಿನ ಒಂದು ಸಂಜೆಗೆ ಅದು ತಕ್ಕದ್ದಲ್ಲ.

ರಮ್ಮಿಯ ಜಾಗ

ಗುಂಪಿನಲ್ಲಿ ಎಲ್ಲರಿಗೂ ಗೊತ್ತಿರುವ ಆಟ ಯಾವುದು ಎಂದರೆ ಉತ್ತರ ರಮ್ಮಿಯೇ. ತಲಾ 13 ಎಲೆ ಹಂಚುವುದರಿಂದ ನಾಲ್ವರಿಗೆ ಒಂದು ಕಟ್ಟು ಹಂಚಿದರೆ ಎಳೆಯಲು ಒಂದು ಎಲೆಯೂ ಉಳಿಯುವುದಿಲ್ಲ. ಹೀಗಾಗಿ ಇಬ್ಬರಿಗಿಂತ ಹೆಚ್ಚಿದ್ದರೆ ಎರಡು ಕಟ್ಟು ಬೇಕು. ಒಂದೇ ಜಾತಿಯ ಎಲೆಗಳು ಒಂದರ ಹಿಂದೊಂದು ಬರುವ ಸರಣಿ ಕನಿಷ್ಠ ಎರಡು ಕೂಡಿಸಬೇಕು, ಅವುಗಳಲ್ಲಿ ಒಂದಕ್ಕೆ ಜೋಕರ್ ತಾಗಿರಬಾರದು. ಆಟಗಾರರು ಇದನ್ನೇ ಲೈಫ್ ಎನ್ನುತ್ತಾರೆ. ಲೈಫ್ ಆಗದೆ ಸಿಕ್ಕಿಬಿದ್ದವರ ದಂಡದ ಅಂಕ 80ರವರೆಗೂ ಏರುತ್ತದೆ. ಮೊದಲ ಸರದಿಯಲ್ಲೇ ಎಲೆ ಇಟ್ಟು ಹೊರಬಂದರೆ 20, ನಡುವೆ ಬಿಟ್ಟರೆ 40.

ರಮ್ಮಿ ಆರಿಸುವವರು ಗಮನಿಸಬೇಕಾದದ್ದು ಲೆಕ್ಕದ ಪದ್ಧತಿಯನ್ನು. 101ಕ್ಕೆ ಅಥವಾ 201ಕ್ಕೆ ಮುಟ್ಟಿದವರು ಔಟು ಎಂಬ ಪದ್ಧತಿಯೇ ಹೆಚ್ಚು ಪ್ರಸಿದ್ಧ. ಆದರೆ ನಾಲ್ವರ ಗುಂಪಿನಲ್ಲಿ ಅದು ಕೆಟ್ಟ ಪದ್ಧತಿ, ಏಕೆಂದರೆ ಎರಡು ಹಂಚಿಕೆಯಲ್ಲಿ ಕೆಟ್ಟ ಎಲೆ ಬಿದ್ದವರು ಮುಕ್ಕಾಲು ಗಂಟೆ ಶೇಂಗಾ ಸುಲಿಯುತ್ತ ಕೂರಬೇಕಾಗುತ್ತದೆ, ಮತ್ತು ಹಾಗೆ ಕುಳಿತವರು ಫೋನ್ ತೆಗೆದರೆಂದರೆ ಆ ಸಂಜೆ ಅಲ್ಲಿಗೆ ಮುಗಿಯಿತು. ಎಂಟೋ ಹತ್ತೋ ಹಂಚಿಕೆಗಳೆಂದು ಮೊದಲೇ ಗೊತ್ತುಮಾಡಿಕೊಂಡು, ಕೊನೆಗೆ ಕಡಿಮೆ ಅಂಕ ಉಳಿದವರು ಗೆದ್ದರೆನ್ನುವುದು ಸಣ್ಣ ಗುಂಪಿಗೆ ಒಪ್ಪುವ ಪದ್ಧತಿ. ಒಬ್ಬರು ತಡವಾಗಿ ಬಂದರೆ ಆಗ ಇರುವ ಅಂಕಗಳ ಸರಾಸರಿಯನ್ನು ಅವರ ಹೆಸರಿಗೆ ಬರೆದು ಸೇರಿಸಿಕೊಳ್ಳಬಹುದು. ಜೋಡಿಯ ಆಟಗಳಲ್ಲಿ ಈ ಅನುಕೂಲವಿಲ್ಲ.

ಐವರು, ಆರು ಮಂದಿ

ಐವರಾದಾಗ ಜೋಡಿ ಮತ್ತೆ ಮುರಿಯುತ್ತದೆ. ಇಲ್ಲಿ ನನ್ನ ಆಯ್ಕೆ ಜಡ್ಜ್‌ಮೆಂಟ್. ಐವರಿಗೆ ಹತ್ತತ್ತು ಎಲೆಯಿಂದ, ಆರು ಮಂದಿಗೆ ಎಂಟೆಂಟು ಎಲೆಯಿಂದ ಆರಂಭಿಸಿ, ಹಂಚಿಕೆಗೊಂದರಂತೆ ಕಡಿಮೆ ಮಾಡುತ್ತ ಒಂದೇ ಎಲೆಗೆ ಇಳಿಯುವುದು ಇದರ ಕ್ರಮ. ಪ್ರತಿ ಹಂಚಿಕೆಯಲ್ಲಿ ಹುಕುಮು ಇಸ್ಪೀಕ, ಚೌಕಟ, ಕಿಲಾವರ, ಬದಾಮ ಎಂದು ಸರದಿಯಾಗಿ ಬದಲಾಗುತ್ತದೆ. ಎಲೆ ನೋಡಿಕೊಂಡು ತಾನು ಎಷ್ಟು ಕೈ ಮಾಡುವೆನೆಂದು ಪ್ರತಿಯೊಬ್ಬರೂ ಹೇಳಬೇಕು. ಹೇಳಿದಷ್ಟೇ ಮಾಡಿದರೆ ಅದರ ಜೊತೆಗೆ ಹತ್ತು ಅಂಕ, ಒಂದು ಹೆಚ್ಚಾದರೂ ಕಡಿಮೆಯಾದರೂ ಸೊನ್ನೆ. ಎಲೆ ಹಂಚಿದವರು ಕೊನೆಗೆ ಹೇಳಬೇಕು, ಮತ್ತು ಎಲ್ಲರ ಮಾತಿನ ಮೊತ್ತ ಆ ಹಂಚಿಕೆಯ ಕೈಗಳ ಸಂಖ್ಯೆಗೆ ಸಮವಾಗದಂತೆ ಹೇಳಬೇಕು. ಆದ್ದರಿಂದ ಪ್ರತಿ ಸಲವೂ ಒಬ್ಬರಾದರೂ ಸೋಲಲೇಬೇಕು. ಕೈಯಲ್ಲಿ ಬರೀ ಎರಡು, ಮೂರು, ನಾಲ್ಕರ ಎಲೆಗಳಿದ್ದವರು ಸೊನ್ನೆ ಎಂದು ಹೇಳಿ ಹತ್ತು ಅಂಕ ಗಳಿಸಬಲ್ಲರು. ಕೆಟ್ಟ ಎಲೆಗೂ ಬೆಲೆಯಿರುವುದು, ಯಾರೂ ಆಟದಿಂದ ಹೊರಬೀಳದಿರುವುದು ಇದರ ದೊಡ್ಡ ಗುಣ. ಬರೆಯಲು ಒಂದು ಹಾಳೆ, ಕೂಡಲು ತಾಳ್ಮೆಯಿರುವ ಒಬ್ಬರು ಬೇಕೆಂಬುದಷ್ಟೇ ತೊಂದರೆ.

ಮಕ್ಕಳೂ ಹಿರಿಯರೂ ಕಲೆತಿದ್ದರೆ ಬದಾಮ ಸಾತ್. ಬದಾಮಿನ ಏಳನ್ನು ಇಟ್ಟು ಶುರುಮಾಡಿ, ಪ್ರತಿ ಜಾತಿಯ ಏಳರ ಮೇಲಕ್ಕೂ ಕೆಳಕ್ಕೂ ಎಲೆ ಜೋಡಿಸುತ್ತ ಹೋಗುವ ಈ ಆಟವನ್ನು ಐದು ನಿಮಿಷದಲ್ಲಿ ಕಲಿಸಬಹುದು. ಬೇಕೆಂದೇ ಎಂಟನ್ನೋ ಆರನ್ನೋ ಹಿಡಿದಿಟ್ಟುಕೊಂಡು ಉಳಿದವರನ್ನು ಗೋಳು ಹೊಯ್ದುಕೊಳ್ಳುವ ಹಿರಿಯರು ಎಲ್ಲ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಊನೋ ಇದ್ದರೆ ಅದೂ ಆಗುತ್ತದೆ, ಆದರೆ ಅದಕ್ಕೆ ಬೇರೆ ಕಟ್ಟು ಕೊಳ್ಳಬೇಕು. ಕತ್ತೆ ಆಟ, ಬ್ಲಫ್ ಇವು ಅರ್ಧ ಗಂಟೆಯ ನಗುವಿಗೆ ಸಾಕು. ಸರಿಯಾಗಿ ಆರು ಮಂದಿಯಿದ್ದು ಎಲ್ಲರಿಗೂ ಇಪ್ಪತ್ತೆಂಟು ಬರುತ್ತಿದ್ದರೆ ಮಾತ್ರ ಐವತ್ತಾರಕ್ಕೆ ಕೂರಬಹುದು: ಎರಡು ಕಟ್ಟುಗಳಿಂದ ಒಂಬತ್ತಕ್ಕಿಂತ ಕೆಳಗಿನವನ್ನು ತೆಗೆದ 48 ಎಲೆ, ಮೂವರ ಎರಡು ಪಕ್ಷ, ಅಂಕ ದುಪ್ಪಟ್ಟು.

ಮೂರೆಲೆ ಮತ್ತು ಹಣ

ಮೂರೆಲೆಯನ್ನು, ಅಂದರೆ ತೀನ್ ಪತ್ತಿಯನ್ನು ನಾನು ಈ ಪಟ್ಟಿಯಿಂದ ಹೊರಗಿಡುವುದು ನೀತಿಯ ಕಾರಣಕ್ಕಷ್ಟೇ ಅಲ್ಲ, ಆಟದ ಕಾರಣಕ್ಕೆ. 52 ಎಲೆಗಳಿಂದ ಮೂರೆಲೆಯ 22,100 ಜೋಡಣೆಗಳು ಸಾಧ್ಯ. ಅವುಗಳಲ್ಲಿ ಮೂರು ರಾಜರಂತೆ ಮೂರೂ ಒಂದೇ ಬಗೆಯ ಎಲೆಯಾಗುವಂಥವು 52 ಮಾತ್ರ, ಒಂದು ಜೋಡಿಯಷ್ಟೇ ಸಿಗುವಂಥವು 3,744. ಏನೂ ಕೂಡದ ಬರಿಯ ಎಲೆಗಳು 16,440, ಅಂದರೆ ನೂರಕ್ಕೆ 74ಕ್ಕೂ ಹೆಚ್ಚು. ಎಲೆ ಎಳೆಯುವುದಿಲ್ಲ, ಬಿಡುವುದಿಲ್ಲ, ಇಳಿಸುವುದಿಲ್ಲ. ಹಣ ಹಾಕುವುದೋ ಬಿಡುವುದೋ ಎಂಬ ಒಂದೇ ನಿರ್ಧಾರ ಆಟಗಾರನದು. ಹಣವನ್ನು ತೆಗೆದು ಹುಣಸೆ ಬೀಜ ಇಟ್ಟು ಆಡಿ ನೋಡಿ, ಕಾಲು ಗಂಟೆಯಲ್ಲಿ ಎಲ್ಲರೂ ಆಕಳಿಸುತ್ತಾರೆ. ರಮ್ಮಿಗೆ ಹಾಗಾಗುವುದಿಲ್ಲ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ಈ ಭೇದವನ್ನೇ ಗುರುತಿಸಿತು: ರಮ್ಮಿಯಲ್ಲಿ ಬಿದ್ದ ಎಲೆಗಳ ನೆನಪು ಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕೆಂಬ ಜಾಣ್ಮೆ ಬೇಕು, ಆದ್ದರಿಂದ ಅದು ಮೂರೆಲೆಯಂತೆ ಕೇವಲ ಅದೃಷ್ಟದ ಆಟವಲ್ಲ.

ಪಂಚಮಿಯ ಹೊತ್ತಿಗೆ ನಮ್ಮ ಜಿಲ್ಲೆಗಳ ಊರೂರುಗಳಲ್ಲಿ ಬೇವಿನ ಕಟ್ಟೆಗಳ ಮೇಲೆ, ಹೊಲದ ಗುಡಿಸಲುಗಳಲ್ಲಿ ಎಲೆ ಬೀಳುವುದು ಎಲ್ಲರಿಗೂ ತಿಳಿದ ವಿಷಯ. ಹಣವಿಟ್ಟು ಹಾಗೆ ಆಡಿದವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಅಡಿಯಲ್ಲಿ ಪ್ರಕರಣ ದಾಖಲಾಗುತ್ತದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಗೂ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ತಡೆ ಒಡ್ಡಿತು. ನಮ್ಮ ಗುಂಪಿನಲ್ಲಿ ಸೋತವರು ಮುಂದಿನ ವಾರದ ಮಿರ್ಚಿ ಭಜಿಯ ಖರ್ಚು ನೋಡಿಕೊಳ್ಳಬೇಕು, ಗೋಕಾಕದ ಕಡೆ ಹೋದವರಿದ್ದರೆ ಕರದಂಟು ತರಬೇಕು. ಅದಕ್ಕಿಂತ ದೊಡ್ಡ ಪಣ ಬೇಕೆನ್ನುವವರಿಗೆ ಈ ಹೋಲಿಕೆ ಉಪಯೋಗವಾಗದು.

ಎಲೆಗಳು, ಗಾಳಿ, ನೆಲ

ಆಟ ಆರಿಸುವಾಗ ಯಾರೂ ಲೆಕ್ಕಕ್ಕೆ ಹಿಡಿಯದ ಸಂಗತಿ ಹವೆ. ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು, ಫ್ಯಾನ್ ಕೆಳಗೆ ಬದಾಮ ಸಾತ್ ಆಡಲಾಗದು. ನಾಲ್ಕು ಸಾಲು ಎಲೆಗಳನ್ನು ನೆಲದ ಮೇಲೆ ಬಿಚ್ಚಿಡಬೇಕಾದ ಆಟಕ್ಕೆ ಗಾಳಿಯೇ ಐದನೆಯ ಆಟಗಾರ. ಕೈಗಳನ್ನು ಒಟ್ಟಿ ಇಡುವ ಮೆಂಢಿಕೋಟ, ಜಡ್ಜ್‌ಮೆಂಟ್‌ಗಳಿಗೆ ಈ ತೊಂದರೆ ಕಡಿಮೆ. ಬೆಳಗಾವಿಯ ಮಳೆಯಲ್ಲಿ ಕಾಗದದ ಎಲೆಗಳು ತೇವ ಹಿಡಿದು ಒಂದಕ್ಕೊಂದು ಅಂಟಿ, ಹಂಚುವಾಗ ಎರಡೆರಡು ಹೋಗುತ್ತವೆ; ಪ್ಲಾಸ್ಟಿಕ್ ಎಲೆಗಳ ಬೆಲೆ ಹೆಚ್ಚಾದರೂ ಒಂದು ಮಳೆಗಾಲದಲ್ಲಿಯೇ ಆ ಹಣ ಹುಟ್ಟುತ್ತದೆ.

ಕಲಸುವ ಬಗ್ಗೆಯೂ ಒಂದು ಮಾತಿದೆ. ಕಟ್ಟನ್ನು ಎರಡು ಪಾಲು ಮಾಡಿ ಅಂಚುಗಳನ್ನು ಒಂದರೊಳಗೊಂದು ಸೇರಿಸುವ ಪದ್ಧತಿಯಲ್ಲಿ 52 ಎಲೆಗಳು ಚೆನ್ನಾಗಿ ಬೆರೆಯಲು ಏಳು ಸಲ ಕಲಸಬೇಕೆಂದು ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೋನಿಸ್ 1992ರಲ್ಲಿ ತೋರಿಸಿಕೊಟ್ಟರು. ನಾವು ಮಾಡುವಂತೆ ಅಂಗೈಯಲ್ಲಿ ಹಿಡಿದು ಮೇಲಿನ ಕಂತೆಗಳನ್ನು ಜಾರಿಸುವ ಪದ್ಧತಿ ಅದಕ್ಕಿಂತ ಎಷ್ಟೋ ನಿಧಾನ. ಕೈ ಮಾಡುವ ಆಟಗಳಲ್ಲಿ ಒಂದೇ ಜಾತಿಯ ಎಲೆಗಳು ನಾಲ್ಕು ನಾಲ್ಕಾಗಿ ಅಂಟಿಕೊಂಡೇ ಕಟ್ಟಿಗೆ ಮರಳುವುದರಿಂದ, ಅರೆಮನಸ್ಸಿನಿಂದ ಕಲಸಿದರೆ ಮುಂದಿನ ಹಂಚಿಕೆಯಲ್ಲಿ ಪ್ರತಿಯೊಬ್ಬರಿಗೂ ಪ್ರತಿ ಜಾತಿಯ ಎಲೆ ಹೆಚ್ಚು ಕಡಿಮೆ ಸಮನಾಗಿ ಬಿದ್ದು, ಕಡಿಯುವ ಅವಕಾಶವೇ ಇಲ್ಲದ ಸಪ್ಪೆ ಆಟವಾಗುತ್ತದೆ. ಬೆನ್ನಿನ ಬಣ್ಣ ಬೇರೆಯಿರುವ ಎರಡು ಕಟ್ಟು ಇಟ್ಟುಕೊಂಡರೆ ಒಂದನ್ನು ಹಂಚುವ ಹೊತ್ತಿಗೆ ಇನ್ನೊಬ್ಬರು ಮತ್ತೊಂದನ್ನು ನೆಲದ ಮೇಲೆ ಹರಡಿ ಎರಡೂ ಕೈಯಿಂದ ತಿರುವಬಹುದು. ಎಲೆಯೊಂದು ಕಳೆದುಹೋದರೆ ಹೊಸ ಕಟ್ಟಿಗೆ ಓಡಬೇಕಾಗಿಲ್ಲ. ನಮ್ಮ ಕೆಂಪು ಬೆನ್ನಿನ ಕಟ್ಟಿನಲ್ಲಿ ಎರಡು ವರ್ಷದಿಂದ ಚೌಕಟಿನ ಏಳರ ಕೆಲಸವನ್ನು, ಮೂಲೆಯಲ್ಲಿ ಪೆನ್ನಿನಿಂದ ಬರೆಸಿಕೊಂಡ ಒಬ್ಬ ಜೋಕರನೇ ಮಾಡುತ್ತಿದ್ದಾನೆ.